ಬದಲಾವಣೆಗಳನ್ನು ಉಳಿಸಬೇಕೇ?

"ಮೊದಲು ಆ ಕೈ ತೆಗೀರಿ."

ಮೌಸ್ ಮೇಲಿದ್ದ ಅವನ ಕೈ ಹಾಗೇ ನಿಂತುಬಿಟ್ಟಿತು.

ಅವಳು ಬಾಗಿಲಲ್ಲಿ ನಿಂತಿದ್ದಳು. ಮರೆತುಬಿಟ್ಟಿದ್ದ ಮನೆ ಕೀ ತಗೊಂಡು ಹೋಗಲು ಬಸ್‌ಸ್ಟಾಪಿನಿಂದ ಓಡಿ ಬಂದಿದ್ದಳು. ಆದರೆ ಈಗ ಕೀ ನೆನಪೇ ಇರಲಿಲ್ಲ. ಅವಳ ಕುರ್ಚಿಯಲ್ಲಿ ಒಬ್ಬ ಗಂಡಸು ಕೂತಿದ್ದ. ಕಂಪ್ಯೂಟರಿನಲ್ಲಿ ಭಾಷೆಗಳ ಪಟ್ಟಿ ತೆರೆದಿತ್ತು. ಬಾಣದ ಗುರುತು 'ಕನ್ನಡ' ಎಂಬ ಸಾಲನ್ನು ಬಿಟ್ಟು ಆಗಷ್ಟೇ ಕೆಳಗೆ ಜಾರಿತ್ತು.

'ಓಹೋ... ದಿನಾ ಭಾಷೆ ಬದಲಿಸೋ ಮಹಾನುಭಾವ ಇವನೇನಾ?'

ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಕನ್ನಡ. ಈ ಊರಿನಲ್ಲಿ ಅದು ಯಾರಿಗೂ ಅರ್ಥವಾಗುವುದಿಲ್ಲ ಎಂದು ನೆನಪಾಗಿ, ಊರಿನ ಭಾಷೆಯಲ್ಲಿ ಇನ್ನೊಮ್ಮೆ ಬೈಯಲು ಉಸಿರೆಳೆದುಕೊಂಡಳು.

ಅಷ್ಟರಲ್ಲಿ ಅವನು ಕೈ ಹಿಂದಕ್ಕೆ ತಗೊಂಡು ಮೆಲ್ಲಗೆ ಹೇಳಿದ.

"ತೆಗೆದೆ. ಇನ್ನೇನ್ ಮಾಡ್ಬೇಕು, ಹೇಳಿ."

ಕನ್ನಡದಲ್ಲಿ!

ಅವಳ ಎದೆ ಧಸಕ್ ಎಂದಿತು. ಫೋನಿನಲ್ಲಿ ಅಲ್ಲ, ಎದುರಿಗೆ, ಒಬ್ಬ ಮನುಷ್ಯನ ಬಾಯಿಂದ ಆ ಮಾತು ಕೇಳಿ ಎರಡು ವರ್ಷವಾಗಿತ್ತು. ಖುಷಿಯಾಗಬೇಕಿತ್ತು. ಆದರೆ ಸಿಟ್ಟು ಇನ್ನಷ್ಟು ಏರಿತು.

"ಕನ್ನಡ ಬರುತ್ತಾ ನಿಮಗೆ?"

"ಬರುತ್ತೆ... ಮಾತಾಡೋಕೆ ಬರುತ್ತೆ."

"ಬರ್ತಿದ್ರೂ ದಿನಾ ಅದನ್ನ ತೆಗೆದು ಎಸೀತೀರಲ್ಲ. ಬೇರೆಯವರು ಮಾಡಿದ್ರೆ ಗೊತ್ತಿಲ್ಲದೆ ಮಾಡಿದ್ರು ಅನ್ಕೋಬಹುದಿತ್ತು. ನಿಮಗೆ ನಾಚಿಕೆನಾ? ನಾಲ್ಕು ಜನ ನೋಡ್ತಾರೆ ಅಂತಾನಾ?"

ಅವನ ಕಿವಿಗಳು ಕೆಂಪಾದವು. ಏನೋ ಹೇಳಲು ಬಾಯಿ ತೆರೆದ. ಬಂದ ಮಾತನ್ನು ನುಂಗಿ, ಬೇರೊಂದು ಮಾತು ಆಡಿದ.

"ನನಗೆ ಆ ಭಾಷೇಲಿದ್ರೆ ಕೆಲಸ ಸಲೀಸು. ಅಷ್ಟೇ."

ಅವಳು ಡ್ರಾಯರಿನಿಂದ ಕೀ ತೆಗೆದುಕೊಂಡು, ಡ್ರಾಯರನ್ನು ಜೋರಾಗಿಯೇ ಮುಚ್ಚಿ ಹೊರಟುಹೋದಳು.

ಅವನ ಮುಖದಲ್ಲಿದ್ದದ್ದು ನಾಚಿಕೆಯೇ. ಆದರೆ ಅವಳು ತಿಳಿದುಕೊಂಡ ನಾಚಿಕೆ ಅದಾಗಿರಲಿಲ್ಲ.

*

ಅದು ಕನ್ನಡಕದ ಗಾಜು ತಯಾರಾಗುವ ಜಾಗ. ಊರಿನ ಕನ್ನಡಕದ ಅಂಗಡಿಗಳಿಂದ ಚೀಟಿಗಳು ಬರುತ್ತವೆ. ಯಾವ ಕಣ್ಣು, ಎಷ್ಟು ಪವರ್, ಯಾವ ಫ್ರೇಮ್ ಎಂದು ಕಂಪ್ಯೂಟರಿಗೆ ಹಾಕಬೇಕು. ಹಾಕಿದ ಪ್ರಕಾರ ಹಿಂದಿನ ಕೋಣೆಯಲ್ಲಿ ಗಾಜಿಗೆ ಸಾಣೆ ಹಿಡಿಯುತ್ತಾರೆ. ಬೆಳಿಗ್ಗೆ ಆರರಿಂದ ಒಂದೂವರೆವರೆಗೆ ಅವಳ ಪಾಳಿ. ಎರಡು ತಿಂಗಳ ಹಿಂದೆ ಬೇರೆ ಶಾಖೆಯಿಂದ ಬಂದ ಅವನದು ಎರಡು ಗಂಟೆಯಿಂದ. ನಡುವಿನ ಅರ್ಧ ಗಂಟೆ ಕುರ್ಚಿ ಖಾಲಿ. ಹಾಗಾಗಿ ಒಂದೇ ಕುರ್ಚಿಯಲ್ಲಿ ಕೂರುವ ಇಬ್ಬರೂ ಅಲ್ಲಿಯತನಕ ಮುಖ ನೋಡಿರಲಿಲ್ಲ.

ಕಂಪ್ಯೂಟರಿನ ಲಾಗಿನ್ ಕೂಡ ಒಂದೇ. ಅದು ಕುರ್ಚಿಗೆ ಸೇರಿದ್ದು, ಕೂತವರಿಗಲ್ಲ. ಒಬ್ಬರು ಭಾಷೆ ಬದಲಿಸಿದರೆ ಇನ್ನೊಬ್ಬರಿಗೂ ಬದಲಾದ ಹಾಗೆ. ಬದಲಿಸುವುದೂ ಸುಲಭವಲ್ಲ. ಲಾಗ್‌ಔಟ್ ಮಾಡಿ ಮತ್ತೆ ಒಳಗೆ ಬರಬೇಕು. ಆ ಹಳೇ ಯಂತ್ರ ಚಕ್ರ ತಿರುಗಿಸುತ್ತಾ ಪೂರಾ ಆರು ನಿಮಿಷ ತಿನ್ನುತ್ತಿತ್ತು.

ಆ ಆರು ನಿಮಿಷವನ್ನು ಅವಳು ದಿನಾ ಬೆಳಿಗ್ಗೆ ಕೊಡುತ್ತಿದ್ದಳು. ಅವಳಿಗೊಂದು ಗುಟ್ಟಿತ್ತು. ಊರಿನ ಭಾಷೆಯನ್ನು ಪಟಪಟ ಮಾತಾಡುವವಳಿಗೆ ಅದನ್ನು ಓದುವುದು ಅಕ್ಕಿಯಲ್ಲಿ ಕಲ್ಲು ಆರಿಸಿದಷ್ಟು ನಿಧಾನ. ಕೆಲಸಕ್ಕೆ ಸೇರುವಾಗ ಹೇಳಿರಲಿಲ್ಲ. ಹೇಳಿದ್ದರೆ ಯಾರು ಕೊಡುತ್ತಿದ್ದರು? ಎರಡನೇ ದಿನವೇ ಸೆಟ್ಟಿಂಗ್ಸ್ ಒಳಗೆ ತಡಕಾಡುವಾಗ, ನೂರೆಂಟು ಭಾಷೆಗಳ ನಡುವೆ 'ಕನ್ನಡ' ಎಂದು ಕಂಡಿತ್ತು. ಗೊತ್ತಿಲ್ಲದ ಸಂತೆಯಲ್ಲಿ ಪಕ್ಕದ ಮನೆಯವರು ಸಿಕ್ಕಂತಾಗಿತ್ತು.

ಅಂದಿನಿಂದ ಆ ಯಂತ್ರವೇ ಅವಳ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದ ಒಬ್ಬನೇ ಗೆಳೆಯ.

'ದಯವಿಟ್ಟು ನಿರೀಕ್ಷಿಸಿ' ಎನ್ನುತ್ತಿತ್ತು.

"ಕಾಯ್ತಾನೇ ಇದೀನಪ್ಪಾ," ಎನ್ನುತ್ತಿದ್ದಳು.

'ಬದಲಾವಣೆಗಳನ್ನು ಉಳಿಸಬೇಕೇ?'

"ಉಳಿಸು, ಉಳಿಸು."

ನಗಬೇಡಿ. ಮನೆಯಲ್ಲಿ 'ಊಟ ಆಯ್ತಾ' ಎಂದು ಕೇಳುವವರಿಲ್ಲದಿದ್ದರೆ, ಯಂತ್ರ ಕೇಳುವ ಪ್ರಶ್ನೆಯೂ ಹಿತವಾಗಿರುತ್ತದೆ.

ಎಂಟು ವರ್ಷದ ಹಿಂದೆ ಅವಳು ಈ ಊರಿಗೆ ಬಂದದ್ದು ಅಕ್ಕನ ಬಾಣಂತನಕ್ಕೆ. ಒಂದು ಮಗು ಎರಡಾಯಿತು, ಎರಡು ಮೂರಾಯಿತು. ಅವಳ ವಯಸ್ಸು ಮೂವತ್ತು ದಾಟಿದ್ದನ್ನು ಯಾರೂ ಗಮನಿಸಲಿಲ್ಲ. ಭಾವನಿಗೆ ದೂರದ ಊರಿಗೆ ವರ್ಗವಾದಾಗ, "ನಾನಿಲ್ಲೇ ಇರ್ತೀನಿ" ಎಂದು ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಮೂರನೇ ಮಹಡಿಯಲ್ಲಿ ಒಂದು ಕೋಣೆ ಹಿಡಿದಳು. ಜೋಡಿಯಾಗಿ ಸಿಕ್ಕ ಎರಡು ತಟ್ಟೆ ತಂದಳು. ಒಂದು ಇನ್ನೂ ಅಂಗಡಿಯ ಕಾಗದದಲ್ಲೇ ಇತ್ತು.

ಪ್ರತಿ ಭಾನುವಾರ ಅಕ್ಕ ಫೋನ್ ಮಾಡುತ್ತಿದ್ದಳು.

"ಸಾಕಾಗ್ಲಿಲ್ವೇನೇ ಒಂಟಿ ಬಾಳು? ಬಂದ್ಬಿಡು. ಅಡುಗೆಮನೆ ಪಕ್ಕದ ರೂಮು ಖಾಲಿ ಇದೆ. ಮಕ್ಕಳ್ನ ನೋಡ್ಕೊಂಡಿದ್ರೆ ನಿಂಗೂ ಹೊತ್ತು ಹೋಗುತ್ತೆ."

"ಕೆಲಸ ಇದೆ ಅಕ್ಕಾ."

"ಅಯ್ಯೋ, ಆ ಕೆಲಸ ಇರೋವರೆಗೆ ತಾನೆ?"

ಅಷ್ಟೇ ವಿಷಯ. ಆ ಕೆಲಸ ಇರುವವರೆಗೆ ಅವಳು ಅವಳಾಗಿರುತ್ತಿದ್ದಳು. ಹೋದರೆ ಅಡುಗೆಮನೆ ಪಕ್ಕದ ರೂಮು.

*

ಮಾರನೆಯ ದಿನ ಅವಳು ಒಂದು ಹಳದಿ ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಸ್ಕ್ರೀನಿನ ಅಂಚಿಗೆ ಅಂಟಿಸಿದಳು. ಕನ್ನಡದಲ್ಲಿ ಬರೆದರೆ ಬೇರೆ ಯಾರಿಗೂ ತಿಳಿಯುವುದಿಲ್ಲವಲ್ಲ, ಆ ಧೈರ್ಯದಲ್ಲಿ ನಿಜವನ್ನೇ ಬರೆದಳು.

'ದಯವಿಟ್ಟು ಭಾಷೆ ಬದಲಿಸಬೇಡಿ. ನನಗೆ ಈ ಊರಿನ ಭಾಷೆ ಸರಿಯಾಗಿ ಓದಲು ಬರುವುದಿಲ್ಲ. ನನ್ನ ಕೆಲಸ ಇದರ ಮೇಲೆ ನಿಂತಿದೆ.'

ಮರುದಿನ ಬೆಳಿಗ್ಗೆ ಚೀಟಿ ಇದ್ದಲ್ಲೇ ಇತ್ತು. ಭಾಷೆ ಮಾತ್ರ ಬದಲಾಗಿತ್ತು.

'ಓದಿಯೂ ಹೀಗೆ ಮಾಡಿದ್ನಲ್ಲ...'

ಇಷ್ಟು ದಿನ ಯಾರಿಗೂ ಹೇಳದ ಮಾತನ್ನು ಹೇಳಿಕೊಂಡಿದ್ದಳು. ಬಾಗಿಲು ತಟ್ಟಿದವರನ್ನು ಕಿಟಕಿಯಿಂದ ನೋಡಿ ಸುಮ್ಮನಾದಂತೆ ಮಾಡಿದ್ದ ಅವನು. ಅವಳಿಗೆ ಅಳು ಬಂತು, ಆದರೆ ಅಳುವುದಕ್ಕೂ ಆ ಆರು ನಿಮಿಷವೇ ಇದ್ದದ್ದು.

ಮೂರನೇ ದಿನ ಅವಳ ಚೀಟಿ ಮಾಯ. ಅದರ ಜಾಗದಲ್ಲಿ ಬೇರೊಂದು ಚೀಟಿ, ಊರಿನ ಭಾಷೆಯಲ್ಲಿ, ಒಂದಕ್ಕೊಂದು ಅಂಟಿಕೊಂಡ ಕೂಡಕ್ಷರದಲ್ಲಿ. ಅಚ್ಚಿನ ಅಕ್ಷರವಾದರೂ ಕಷ್ಟಪಟ್ಟು ಓದಿಯಾಳು, ಈ ಕೈಬರಹವನ್ನಲ್ಲ. ಯಾರ ಹತ್ತಿರವಾದರೂ ಓದಿಸೋಣವೆಂದರೆ ಗುಟ್ಟು ರಟ್ಟು.

'ಬೈದಿರ್ತಾನೆ. ಇನ್ನೇನು?'

ಹರಿಯಲು ಹೋದವಳು, ಯಾಕೋ, ಡ್ರಾಯರಿನಲ್ಲಿ ಗಾಜು ಒರೆಸುವ ಬಟ್ಟೆಗಳ ಕೆಳಗೆ ತುರುಕಿದಳು. ಅವತ್ತಿನಿಂದ ಅವನ ಎದುರು ಬೀಳಬಾರದೆಂದು ಒಂದೂವರೆಗೆ ಸರಿಯಾಗಿ ಹಿಂದಿನ ಬಾಗಿಲಿನಿಂದ ಹೊರಡತೊಡಗಿದಳು.

ಹಿಂದಿನ ಕೋಣೆಯಲ್ಲಿ ಸಾಣೆ ಹಿಡಿಯುವ ಮುದುಕನಿದ್ದ. ಅವಳು ಮನಸ್ಸಿನಲ್ಲೇ ಅವನಿಗೆ 'ಸಾಣೆ ಮಾವ' ಎಂದು ಹೆಸರಿಟ್ಟಿದ್ದಳು. ಎರಡೂ ಪಾಳಿಯನ್ನು ಅಷ್ಟಷ್ಟು ನೋಡುತ್ತಿದ್ದವನು ಅವನೊಬ್ಬನೇ.

"ಏನಮ್ಮಾ, ಮುಂದಿನ ಬಾಗಿಲಿಗೆ ಏನಾಗಿದೆ?" ಎಂದು ಊರಿನ ಭಾಷೆಯಲ್ಲಿ ಕೇಳಿದ.

"ಗಾಳಿ ಜಾಸ್ತಿ."

"ಆ ಗಾಳಿ ಈಗೀಗ ಒಂದೂವರೆಗೇ ಬರ್ತಿದೆ. ಎರಡು ಗಂಟೆ ಕೆಲಸಕ್ಕೆ ಅರ್ಧ ಗಂಟೆ ಮುಂಚೆ ಬಂದು ಮುಂದಿನ ಮೆಟ್ಟಿಲ ಮೇಲೆ ಕೂತಿರುತ್ತೆ."

ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಸಿಟ್ಟಿನಲ್ಲಿದ್ದವರಿಗೆ ಒಳ್ಳೆಯ ಸುದ್ದಿ ಕೇಳಿಸುವುದು ಕಷ್ಟ.

*

ಹದಿನೈದು ದಿನದ ಮೇಲೆ ಒಂದು ಬೆಳಿಗ್ಗೆ ಮೇಲ್ವಿಚಾರಕಿ ಆರು ಗಂಟೆಗೇ ಬಂದು ಅವಳ ಹಿಂದೆ ನಿಂತುಬಿಟ್ಟಳು. ಹೊರಗೆ ವ್ಯಾನ್ ಕಾಯುತ್ತಿತ್ತು. ಅರ್ಜೆಂಟ್ ಆರ್ಡರ್ ಹನ್ನೊಂದು.

"ಬೇಗ ಹಾಕಮ್ಮಾ. ನಾನು ಓದ್ತೀನಿ, ನೀನು ಒತ್ತು."

ಭಾಷೆ ಬದಲಿಸಲು ಆರು ನಿಮಿಷ ಎಲ್ಲಿಂದ ತರುವುದು? ಯಾಕೆ ಬದಲಿಸುತ್ತೀಯ ಎಂದು ಕೇಳಿದರೆ ಏನು ಹೇಳುವುದು? ಅವಳು ಬೆರಳುಗಳನ್ನು ನಂಬಿದಳು. ಎರಡು ವರ್ಷದ ಅಭ್ಯಾಸ. 'ಯಾವ ಕಣ್ಣು' ಎಂಬಲ್ಲಿ ಮೇಲಿನ ಸಾಲು ಎಡ, ಕೆಳಗಿನದು ಬಲ.

ಕನ್ನಡದ ಪಟ್ಟಿಯಲ್ಲಿ ಹಾಗಿತ್ತು. ಊರಿನ ಭಾಷೆಯ ಪಟ್ಟಿಯಲ್ಲಿ ಬಲ ಮೇಲೆ, ಎಡ ಕೆಳಗೆ.

ಹನ್ನೊಂದು ಜನರ ಎಡಗಣ್ಣು ಬಲಕ್ಕೆ ಹೋಯಿತು, ಬಲಗಣ್ಣು ಎಡಕ್ಕೆ ಬಂತು.

ಎರಡೇ ದಿನದಲ್ಲಿ ಎಲ್ಲ ಗಾಜೂ ವಾಪಸ್. ಒಬ್ಬ ಅಜ್ಜಿ ಹೊಸ ಕನ್ನಡಕ ಹಾಕಿಕೊಂಡು ಮೆಟ್ಟಿಲು ತಪ್ಪಿದಳಂತೆ. ಸದ್ಯ, ಮೊಣಕೈ ತರಚಿತ್ತಷ್ಟೇ. ಅದನ್ನು ಕೇಳಿದ ದಿನ ಅವಳಿಗೆ ಅನ್ನ ಇಳಿಯಲಿಲ್ಲ.

"ತಿಂಗಳ ಕೊನೆಗೆ ನಿನ್ನ ಕರಾರು ಮುಗಿಯುತ್ತೆ," ಎಂದಳು ಮೇಲ್ವಿಚಾರಕಿ. "ಅಷ್ಟರೊಳಗೆ ಇನ್ನೊಂದು ಗಾಜು ವಾಪಸ್ ಬಂದ್ರೆ ನನ್ನ ಕೈಲಿ ಏನೂ ಇಲ್ಲ."

ಭಾನುವಾರ ಅಕ್ಕನ ಫೋನ್ ಬಂದಾಗ ಅವಳು ಎತ್ತಲಿಲ್ಲ.

ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ... ಪರದೆಯೇ ಬೇರೆ! ಎರಡು ದುಂಡನೆಯ ಗುರುತು. ಒಂದರ ಕೆಳಗೆ 'ಬೆಳಿಗ್ಗೆ' ಎಂದು ಕನ್ನಡದಲ್ಲಿ. ಇನ್ನೊಂದರ ಕೆಳಗೆ ಊರಿನ ಭಾಷೆಯಲ್ಲಿ ಏನೋ. ಪಕ್ಕದಲ್ಲಿ ಕಂಪ್ಯೂಟರ್ ರಿಪೇರಿ ಹೆಂಗಸು ಕೂತು ವೈರ್ ಸುತ್ತುತ್ತಾ ಊರಿನ ಭಾಷೆಯಲ್ಲಿ ಹೇಳಿದಳು.

"ಇನ್ಮೇಲೆ ನಿಮ್ಮ ಲಾಗಿನ್ ನಿಮಗೆ, ಅವರದು ಅವರಿಗೆ. ನಿಮ್ಮದನ್ನ ಒತ್ತಿದ್ರೆ ನಿಮ್ಮ ಭಾಷೆ ಬರುತ್ತೆ. ಯಾರೂ ಯಾರದ್ದೂ ಬದಲಿಸೋಕಾಗಲ್ಲ. ಹತ್ತು ನಿಮಿಷದ ಕೆಲಸ ಕಣ್ರೀ. ಮೊದಲೇ ಕೇಳೋದಲ್ವಾ?"

"ಯಾರು ಕೇಳಿದ್ದು?"

"ಮಧ್ಯಾಹ್ನದವರು. ಶನಿವಾರ ನಾಲ್ಕು ಸಲ ಫೋನ್ ಮಾಡಿದ್ರು. ಸೋಮವಾರ ಬೆಳಿಗ್ಗೆ ಆರಕ್ಕೆ ಮುಂಚೆ ಆಗಲೇಬೇಕು ಅಂತ ಪ್ರಾಣ ತಿಂದ್ರು."

'ಅಷ್ಟು ಬೇಡವಾಯ್ತಾ ನನ್ನ ಭಾಷೆ ಅವನ ಕಣ್ಣಿಗೆ...'

ಯಂತ್ರ ಅವಳನ್ನು ಕನ್ನಡದಲ್ಲಿ ಸ್ವಾಗತಿಸಿತು. ಅವಳು ಉತ್ತರ ಕೊಡಲಿಲ್ಲ.

*

ಆಮೇಲೆ ಒಂದೂ ತಪ್ಪಾಗಲಿಲ್ಲ. ಒಂದೂ ಗಾಜು ವಾಪಸ್ ಬರಲಿಲ್ಲ. ಕರಾರು ಇನ್ನೊಂದು ವರ್ಷಕ್ಕೆ ಮುಂದುವರಿಯಿತು. ಅಡುಗೆಮನೆ ಪಕ್ಕದ ರೂಮು ದೂರ ಸರಿಯಿತು.

ಖುಷಿಯಾಗಿರಬೇಕಿತ್ತು ಅವಳು. ಆದರೆ ಬೆಳಿಗ್ಗೆ ಕುರ್ಚಿಯಲ್ಲಿ ಕೂತಾಗ ಏನೋ ಕಡಿಮೆಯಾದಂತೆ ಅನಿಸುತ್ತಿತ್ತು. ಮೊದಲು ಪ್ರತಿದಿನ ಯಾರೋ ಒಬ್ಬರು ಅವಳ ವಸ್ತುವನ್ನು ಮುಟ್ಟಿರುತ್ತಿದ್ದರು. ಸಿಟ್ಟಿಗಾದರೂ ಒಬ್ಬ ಮನುಷ್ಯನಿದ್ದ. ಈಗ ಬಿಟ್ಟ ಕಡೆಯೇ ಎಲ್ಲ ಇರುತ್ತಿತ್ತು, ಮನೆಯ ತಟ್ಟೆಯ ಹಾಗೆ. ಪರದೆಯ ಮೇಲೆ ಎರಡು ದುಂಡನೆಯ ಗುರುತುಗಳು ಅಕ್ಕಪಕ್ಕ ಇದ್ದವು, ನಡುವೆ ಗೋಡೆ ಹಾಕಿಕೊಂಡ ಎರಡು ಮನೆಗಳಂತೆ.

'ತೆಗೆದೆ. ಇನ್ನೇನ್ ಮಾಡ್ಬೇಕು, ಹೇಳಿ.' ಬಸ್ಸಿನಲ್ಲಿ ಒಬ್ಬಳೇ ಕೂತಾಗ ಆ ದನಿ ನೆನಪಾಗುತ್ತಿತ್ತು. ಎಂಥ ಮೆತ್ತಗಿನ ದನಿ. ಅಂಥ ದನಿಯವನು ಹಾಗೆ ಯಾಕೆ ಮಾಡಿದ?

ಐದು ವಾರ ಕಳೆದವು. ಒಂದು ಬುಧವಾರ ಮೇಲ್ವಿಚಾರಕಿ ಬಂದು ಹೇಳಿದಳು.

"ಮಧ್ಯಾಹ್ನದವರಿಗೆ ಮೂರು ದಿನದಿಂದ ಜ್ವರ. ಇವತ್ತೊಂದಿನ ಅವರ ಪಾಳೀನೂ ನೀನೇ ನೋಡ್ಕೋ. ಅರ್ಧ ಆದ ಆರ್ಡರ್‌ಗಳೆಲ್ಲ ಅವರ ಲಾಗಿನ್‌ನಲ್ಲಿವೆ. ತಗೋ ಪಾಸ್‌ವರ್ಡ್."

ಮಧ್ಯಾಹ್ನ ಅವಳು ಮೊದಲ ಸಲ ಆ ಇನ್ನೊಂದು ಗುರುತನ್ನು ಒತ್ತಿದಳು. ಯಾರದೋ ಮನೆಗೆ ಕೇಳದೆ ಕಾಲಿಟ್ಟಂತಾಯಿತು. ಎಲ್ಲ ಊರಿನ ಭಾಷೆಯಲ್ಲೇ ಇತ್ತು. ಇನ್ನೊಮ್ಮೆ ಎಡ ಬಲ ತಪ್ಪಾದರೆ ಎಂಬ ಹೆದರಿಕೆಗೆ, ಕನ್ನಡಕ್ಕೆ ಬದಲಿಸಿಕೊಂಡು ಕೆಲಸ ಮುಗಿಸಿ ಮತ್ತೆ ಮೊದಲಿನಂತೆ ಇಟ್ಟುಬಿಡೋಣವೆಂದು ಸೆಟ್ಟಿಂಗ್ಸ್‌ಗೆ ಹೋದಳು.

ಅಲ್ಲಿ ಅವನ ಪಟ್ಟಿಯಲ್ಲಿ ಎರಡು ಭಾಷೆಗಳಿದ್ದವು. ಮೊದಲನೆಯದು ಊರಿನ ಭಾಷೆ.

ಎರಡನೆಯದು ಕನ್ನಡ.

ಅವಳಿಗೆ ನಂಬಿಕೆಯಾಗಲಿಲ್ಲ. ಸೆಟ್ಟಿಂಗ್ಸ್ ಮುಚ್ಚಿದಳು. ಆಗ ಪರದೆಯ ಮೂಲೆಯಲ್ಲಿ ಒಂದು ಕಡತ ಕಂಡಿತು. ಹೆಸರು 'ಎಡ ಬಲ'.

ತೆರೆಯಬಾರದಿತ್ತು. ತೆರೆದಳು.

ಮೊದಲ ಪುಟ ತುಂಬಾ ಆ ಎರಡೇ ಪದ. ಯಡ ಬಲ. ಎದ ಬಲ. ಎಡ ಬಳ. ಎಡ ಬಲ. ಎಡ ಬಲ. ಎಡ ಬಲ. ಸ್ಲೇಟು ಹಿಡಿದ ಮಗುವಿನ ಹಾಗೆ ತಿದ್ದಿ ತಿದ್ದಿ. ಎರಡನೇ ಪುಟದಲ್ಲಿ ಪದಗಳು ಉದ್ದವಾಗುತ್ತಾ ಹೋದವು. ಅವಳಿಗೆ ಗುರುತು ಸಿಕ್ಕಿತು.

'ದಯವಿಟು ಬಾಷೆ ಬದಲಿಸಬೇಡಿ. ನನಗೆ ಈ ಊರಿನ ಬಾಷೆ...'

ಅದು ಅವಳದೇ ಚೀಟಿ. ಒಂದೊಂದೇ ಅಕ್ಷರವನ್ನು ಕೀಬೋರ್ಡಿನಲ್ಲಿ ಹುಡುಕಿ, ಜೋಡಿಸಿ, ಅಳಿಸಿ, ಮತ್ತೆ ಜೋಡಿಸಿ ಅವನು ಓದಿದ್ದ. ಕೊನೆಯ ಸಾಲು ಮಾತ್ರ ಅವಳದಲ್ಲ.

'ನಾನು ಓದಿದೆ. ತಡವಾಯಿತು.'

ಅವಳ ಕಣ್ಣು ಮಂಜಾಯಿತು.

'ಮಾತಾಡೋಕೆ ಬರುತ್ತೆ' ಅಂದಿದ್ದ. ಅಷ್ಟೇ ಅಂದಿದ್ದ. ಅವಳೇ ಪೂರ್ತಿ ಕೇಳಿಸಿಕೊಂಡಿರಲಿಲ್ಲ.

"ಮೊದಲು ಆ ಕೈ ತೆಗೀರಿ."

ಬೆಚ್ಚಿ ತಿರುಗಿದಳು. ಬಾಗಿಲಲ್ಲಿ ಅವನು. ಕುತ್ತಿಗೆಗೆ ಮಫ್ಲರ್, ಮುಖ ಸೊರಗಿತ್ತು. ತುಟಿಯಲ್ಲಿ ನಗು ಇತ್ತು. ಪರದೆ ಕಾಣುತ್ತಲೇ ಆ ನಗು ನಿಂತುಹೋಯಿತು.

"ತೆಗೆದೆ," ಎಂದಳು ಅವಳು. "ಇನ್ನೇನ್ ಮಾಡ್ಬೇಕು, ಹೇಳಿ."

ಅವನು ಗೋಡೆ ಪಕ್ಕದ ಸ್ಟೂಲ್ ಎಳೆದು ದೂರದಲ್ಲೇ ಕೂತ.

"ಜ್ವರ ಇದ್ದೂ ಯಾಕೆ ಬಂದ್ರಿ?"

"ಎರಡು ಪಾಳೀನೂ ನಿಮ್ಮ ತಲೆಗೆ ಕಟ್ಟಿದ್ದಾರೆ ಅಂತ ಸಾಣೆ ಹಿಡಿಯೋ ಅಜ್ಜ ಫೋನ್ ಮಾಡಿದ್ರು. ನನ್ನ ಲಾಗಿನ್‌ನಲ್ಲಿ ಪಟ್ಟಿ ಉಲ್ಟಾ ಇರುತ್ತಲ್ಲ. ನಿಮಗೆ ಮತ್ತೆ ತೊಂದರೆ ಆಗಬಾರದು ಅಂತ ಬಂದೆ."

"ಪಟ್ಟಿ ಉಲ್ಟಾ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ವಾಪಸ್ ಬಂದ ಹನ್ನೊಂದೂ ಒಂದೇ ಬೆಳಿಗ್ಗೆಯವು. ಎಲ್ಲದರಲ್ಲೂ ಒಂದೇ ಥರ ತಪ್ಪು. ಕಣ್ಣು ನೋಡಿ ಒತ್ತೋರು ಹಾಗೆ ತಪ್ಪಲ್ಲ, ಬೆರಳು ನಂಬಿ ಒತ್ತೋರು ತಪ್ತಾರೆ. ನಾನು ಭಾಷೆ ಬದಲಿಸಿ ಹೋಗದಿದ್ರೆ ನಿಮ್ಮ ಬೆರಳು ತಪ್ತಾ ಇರಲಿಲ್ಲ. ಆ ಅಜ್ಜಿ ಬಿದ್ದಿದ್ದು ನನ್ನಿಂದ."

"ಅವತ್ತೇ ಹೇಳಬಹುದಿತ್ತು. ಕನ್ನಡ ಓದೋಕೆ ಬರಲ್ಲ ಅಂತ."

"ನಾಚಿಕೆಯಾಯ್ತು. ನಾನು ಹುಟ್ಟಿದ್ದು, ಶಾಲೆಗೆ ಹೋಗಿದ್ದು ಎಲ್ಲ ಈ ಊರಲ್ಲೇ. ಕನ್ನಡ ಅಂದ್ರೆ ಅಮ್ಮನ ಬಾಯಿ, ಅಷ್ಟೇ. ಅವರ ಮಾತ್ರೆ ಡಬ್ಬಿ ಮೇಲೆ ಅವರೇ ಏನೋ ಬರ್ಕೊಂಡಿದ್ರು. ಪ್ರತಿ ಸಲ ಇದೇನಮ್ಮಾ, ಅದೇನಮ್ಮಾ ಅಂತ ಕೇಳಿ ಕೊಡ್ತಿದ್ದೆ. ಕೊನೇ ವಾರ ಅವರಿಗೆ ಮಾತು ನಿಂತುಹೋಯ್ತು. ಡಬ್ಬಿ ಕೈಯಲ್ಲಿ ಹಿಡ್ಕೊಂಡು ಸುಮ್ಮನೆ ನಿಂತಿದ್ದೆ." ಅವನು ಕೈ ನೋಡಿಕೊಂಡ. "ನಾಲ್ಕು ವರ್ಷ ಆಯ್ತು. ಆ ಅಕ್ಷರ ಕಂಡ್ರೆ ಅಮ್ಮ ನನಗೆ ಬೆನ್ನು ಹಾಕಿ ನಿಂತ ಹಾಗೆ ಅನ್ಸುತ್ತೆ. ಅದಕ್ಕೇ ತೆಗೀತಿದ್ದೆ."

ಸಾಣೆಯ ಸದ್ದು ಹಿಂದಿನ ಕೋಣೆಯಲ್ಲಿ ನಿಂತಿತ್ತು. ಮಾವನ ಕಿವಿ ಇತ್ತ ಕಡೆ ಇದ್ದಿರಬೇಕು.

ಅವಳು ಡ್ರಾಯರ್ ಎಳೆದು, ಬಟ್ಟೆಗಳ ಕೆಳಗಿನಿಂದ ಚೀಟಿ ತೆಗೆದು ಅವನ ಮುಂದೆ ಹಿಡಿದಳು.

"ಇದನ್ನ ಓದಿ ಹೇಳಿ. ನನಗೂ ಓದೋಕೆ ಬರಲಿಲ್ಲ."

ಅವನು ಚೀಟಿಯನ್ನೂ ಅವಳನ್ನೂ ನೋಡಿದ. ಓದುತ್ತಾ ಕನ್ನಡದಲ್ಲಿ ಹೇಳಿದ.

"ನಿಮ್ಮ ಚೀಟಿ ಓದೋಕೆ ನನಗೆ ಬರಲ್ಲ, ಕ್ಷಮಿಸಿ. ಬಾಯಲ್ಲಿ ಹೇಳಿದ್ರೆ ಕೇಳ್ತೀನಿ. ದಿನಾ ಒಂದೂವರೆಗೆ ಬಂದು ಮುಂದಿನ ಮೆಟ್ಟಿಲ ಹತ್ರ ಕಾಯ್ತೀನಿ. ನಿಮ್ಮ ಕನ್ನಡ ಇನ್ನೊಂದ್ಸಲ ಕೇಳಬೇಕು. ಬೈದ್ರೂ ಪರವಾಗಿಲ್ಲ."

ಅವಳು ಹಿಂದಿನ ಬಾಗಿಲ ಕಡೆ ನೋಡಿದಳು. ಎಷ್ಟು ದಿನ ಆ ಬಾಗಿಲಿನಿಂದ ಹೋಗಿದ್ದಳು...

"ಎಷ್ಟು ದಿನ ಕಾದ್ರಿ?"

"ಲಾಗಿನ್ ಬೇರೆ ಆಗೋವರೆಗೆ. ಆಮೇಲೆ ಯಾವ ಮುಖ ಇಟ್ಕೊಂಡು ಕಾಯೋದು? ಓದೋಕೆ ಕಲಿತ ಮೇಲೆ ಬರೋಣ ಅನ್ಕೊಂಡೆ."

ಅವಳು ಕಣ್ಣೊರೆಸಿಕೊಂಡು, ಕಡತ ಮುಚ್ಚಿ, ಮತ್ತೆ ಸೆಟ್ಟಿಂಗ್ಸ್ ತೆರೆದು ಎರಡನೇ ಸಾಲಿನ ಮೇಲೆ ಬಾಣವಿಟ್ಟಳು.

"ಕನ್ನಡ ಮೇಲೆ ಹಾಕ್ಲಾ? ನಿಮ್ಮ ಲಾಗಿನ್ನು. ನೀವೇ ಹೇಳಬೇಕು."

"ಹಾಕಿ. ಓದೋಕೆ ಬರದಿದ್ರೆ?"

"ನಾನು ಇರ್ತೀನಲ್ಲ."

ಲಾಗ್‌ಔಟ್ ಆಯಿತು. ಚಕ್ರ ತಿರುಗತೊಡಗಿತು. ಎಂದೂ ಮುಗಿಯದಂತಿದ್ದ ಆ ಆರು ನಿಮಿಷ ಅವತ್ತು ಬೇಗ ಮುಗಿಯಿತು. ಅವಳು ತನ್ನ ಮೂರನೇ ಮಹಡಿಯ ಕೋಣೆಯ ಬಗ್ಗೆ ಹೇಳಿದಳು, ಅಕ್ಕನ ಬಗ್ಗೆ, ಕಾಗದ ಬಿಚ್ಚದ ತಟ್ಟೆಯ ಬಗ್ಗೆ. ಅವನು ಕೇಳುತ್ತಾ ಸ್ಟೂಲನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ಎಳೆದುಕೊಂಡ.

"ನಾಳೆ ಒಂದೂವರೆಗೆ ಹೊರಡಬೇಡಿ," ಎಂದ. "ಆ ಅರ್ಧ ಗಂಟೆ ಕುರ್ಚಿ ಖಾಲಿ ಇರುತ್ತಲ್ಲ. ಅದು ನನಗೆ ಬೇಕು, ನಿಮ್ಮ ಜೊತೆ. ನೀವು ನನಗೆ ಕಲಿಸಿ, ನಾನು ನಿಮಗೆ ಕಲಿಸ್ತೀನಿ."

"ಬರೀ ಅರ್ಧ ಗಂಟೆನಾ?"

ಅವನು ಅವಳ ಮುಖವನ್ನೇ ನೋಡಿದ. "ಮಿಕ್ಕ ಗಂಟೆಗಳನ್ನೂ ಕೇಳೋಣ ಅಂತಿದೆ. ಧೈರ್ಯ ಬರಲಿ. ಇವತ್ತು ಜ್ವರ ಇದೆ, ಜ್ವರದಲ್ಲಿ ಹೇಳಿದ್ದು ಅಂತ ನೀವು ತಳ್ಳಿ ಹಾಕಬಹುದು."

"ತಳ್ಳಿ ಹಾಕಲ್ಲ. ಹೇಳಿ ನೋಡಿ."

"ನೀವು ಬೇಕು ನನಗೆ." ದನಿ ಎಷ್ಟು ಮೆತ್ತಗಿತ್ತೆಂದರೆ, ಹಿಂದಿನ ಕೋಣೆಗೆ ಖಂಡಿತ ಕೇಳಿಸಿರಲಿಕ್ಕಿಲ್ಲ.

ಪರದೆ ಬೆಳಗಿತು. ಎಲ್ಲ ಕನ್ನಡದಲ್ಲಿ. ಅವಳು 'ಎಡ ಬಲ' ಕಡತ ತೆರೆದು, 'ನಾನು ಓದಿದೆ. ತಡವಾಯಿತು' ಎಂಬುದರ ಕೆಳಗೆ ಒಂದು ಸಾಲು ಸೇರಿಸಿದಳು. ಅವನಿಗೆ ಓದಲು ಬಿಡದೆ ಕಡತ ಮುಚ್ಚಲು ಹೋದಳು. ಯಂತ್ರ ಎಂದಿನ ಪ್ರಶ್ನೆ ಕೇಳಿತು.

ಅವನು ಮುಂದಕ್ಕೆ ಬಾಗಿ, ಒಂದೊಂದೇ ಅಕ್ಷರ ಹಿಡಿದು ಓದಿದ.

"ಬ... ದ... ಲಾ... ಬದಲಾವಣೆ... ಗಳನ್ನು... ಉಳಿಸ... ಬೇಕೇ." ತಿರುಗಿ ಕೇಳಿದ. "ನೀವು ಏನ್ ಬರೆದ್ರಿ ಅಂತ ಗೊತ್ತಿಲ್ದೇ ಹೇಗೆ ಹೇಳಲಿ?"

"'ಮಿಕ್ಕ ಗಂಟೆಗಳೂ ಖಾಲಿ ಇವೆ' ಅಂತ ಬರೆದೆ."

ಅವನು ಪರದೆಯತ್ತ ತಿರುಗಿದ. ಕಣ್ಣು ತುಂಬಿತ್ತು. ಅಕ್ಷರಗಳು ಕಲಸಿಹೋಗಿರಬೇಕು.

"'ಹೌದು' ಯಾವ ಕಡೆ ಇದೆ?"

"ನೀವೇ ಓದಿ."

ಅವನು ಓದಿದ. ಅವಳು ಕಾದಳು, ಅವಸರವಿಲ್ಲದೆ.

"ಎಡಗಡೆ," ಎಂದ.

"ಸರಿ ಇದೆ," ಎಂದಳು. "ಒತ್ತಿ."